ರೇಸ್ ಕುದುರೆ: ಓಟ ಮುಗಿದ ನಂತರದ 20 ವರ್ಷ

ರೇಸ್ ಮೈದಾನಗಳಲ್ಲಿ ಓಡುವ ಕುದುರೆಗಳು ಥರೋಬ್ರೆಡ್ ಎಂಬ ತಳಿಗೆ ಸೇರಿದವು. ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್ ಮತ್ತು ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡು ಕುದುರೆಗಳನ್ನು ಇಂಗ್ಲೆಂಡಿಗೆ ತಂದು ಅಲ್ಲಿನ ಹೆಣ್ಣು ಕುದುರೆಗಳೊಂದಿಗೆ ಕೂಡಿಸಿ ಬೆಳೆಸಿದ ತಳಿ ಇದು. ವೇಗವೊಂದನ್ನೇ ಗುರಿಯಾಗಿಟ್ಟುಕೊಂಡು ಸುಮಾರು 300 ವರ್ಷಗಳಿಂದ ಇದನ್ನು ಬೆಳೆಸಲಾಗುತ್ತಿದೆ.

ಈ ಕುದುರೆಗಳು 2 ವರ್ಷದ ವಯಸ್ಸಿನಲ್ಲೇ ಓಟಕ್ಕೆ ಇಳಿಯುತ್ತವೆ. ಹೆಚ್ಚಿನವುಗಳ ಓಟ 6-7 ವರ್ಷದೊಳಗೆ ಮುಗಿದುಹೋಗುತ್ತದೆ. ಆದರೆ ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಅಂದರೆ ದುಡಿಯುವ ಕಾಲ ನಾಲ್ಕೈದು ವರ್ಷ, ದುಡಿಮೆ ನಿಂತ ಮೇಲಿನ ಕಾಲ ಸುಮಾರು 20 ವರ್ಷ. ಈ 20 ವರ್ಷಗಳ ಮೇವು, ನೀರು, ಔಷಧದ ಹೊಣೆ ಯಾರದು ಎಂಬುದೇ ನಿವೃತ್ತ ರೇಸ್ ಕುದುರೆಗಳ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ.

ಓಟ ಏಕೆ ಬೇಗ ನಿಲ್ಲುತ್ತದೆ

ಸುಮಾರು 450ರಿಂದ 500 ಕಿಲೋ ತೂಕದ ಪ್ರಾಣಿಯೊಂದು ತೆಳ್ಳಗಿನ ಕಾಲುಗಳ ಮೇಲೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ ಸ್ನಾಯುರಜ್ಜು ಮತ್ತು ಕೀಲುಗಳ ಮೇಲೆ ಬಹಳ ಒತ್ತಡ ಬೀಳುತ್ತದೆ. ಮುಂಗಾಲಿನ ಹಿಂಭಾಗದ ಸ್ನಾಯುರಜ್ಜು ಹರಿಯುವುದು, ಮೂಳೆಯಲ್ಲಿ ಸಣ್ಣ ಬಿರುಕು ಬೀಳುವುದು, ಓಟದ ವೇಳೆ ಶ್ವಾಸಕೋಶದಲ್ಲಿ ರಕ್ತಸ್ರಾವ ಆಗುವುದು ಇವು ಸಾಮಾನ್ಯ ಕಾರಣಗಳು. ಪೆಟ್ಟೇ ಬೀಳದಿದ್ದರೂ ಗೆಲ್ಲದ ಕುದುರೆಯನ್ನು ಯಾರೂ ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ. ತರಬೇತುದಾರನ ಶುಲ್ಕ, ಲಾಯದ ಬಾಡಿಗೆ, ಸಾಯಿಸನ ಸಂಬಳ ತಿಂಗಳು ತಿಂಗಳು ಕೊಡಬೇಕಾಗುತ್ತದೆ. ಬಹುಮಾನ ಬರದಿದ್ದರೆ ಮಾಲೀಕನಿಗೆ ಅದು ಬರೀ ಖರ್ಚು.

ಒಳ್ಳೆಯ ವಂಶದ, ಹೆಚ್ಚು ಗೆದ್ದ ಕೆಲವು ಕುದುರೆಗಳು ತಳಿ ಕೇಂದ್ರಗಳಿಗೆ ಹೋಗುತ್ತವೆ. ಉಳಿದ ಬಹುಪಾಲಿಗೆ ಆ ದಾರಿ ಇಲ್ಲ. ತಳಿ ಕೇಂದ್ರಕ್ಕೆ ಹೋದ ಮಾತ್ರಕ್ಕೆ ಕೊನೆಯವರೆಗೆ ಆಸರೆ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ. ಅದಕ್ಕೆ ಅಮೆರಿಕದ ಫರ್ಡಿನಂಡ್ ಎಂಬ ಕುದುರೆಯೇ ಉದಾಹರಣೆ.

ಫರ್ಡಿನಂಡ್ ಪ್ರಕರಣ

ಫರ್ಡಿನಂಡ್ 1983ರಲ್ಲಿ ಹುಟ್ಟಿತು. 1986ರಲ್ಲಿ ಅಮೆರಿಕದ ಅತ್ಯಂತ ಪ್ರಸಿದ್ಧ ಪಂದ್ಯವಾದ ಕೆಂಟಕಿ ಡರ್ಬಿಯನ್ನು ಗೆದ್ದಿತು. ಅಂದು ಅದರ ಸವಾರ ಬಿಲ್ ಶೂಮೇಕರ್‌ಗೆ 54 ವರ್ಷ. ಮರುವರ್ಷ ಬ್ರೀಡರ್ಸ್ ಕಪ್ ಕ್ಲಾಸಿಕ್ ಪಂದ್ಯವನ್ನೂ ಗೆದ್ದು ವರ್ಷದ ಶ್ರೇಷ್ಠ ಕುದುರೆ ಎನಿಸಿತು. ಒಟ್ಟು 29 ಓಟಗಳಲ್ಲಿ 8 ಗೆದ್ದು 37 ಲಕ್ಷ ಡಾಲರ್‌ಗೂ ಹೆಚ್ಚು ಬಹುಮಾನ ತಂದುಕೊಟ್ಟಿತು.

1989ರಲ್ಲಿ ಅದನ್ನು ಕೆಂಟಕಿಯ ಕ್ಲೇಬೋರ್ನ್ ಫಾರ್ಮ್‌ನಲ್ಲಿ ತಳಿಗೆ ಬಿಟ್ಟರು. ಅದರ ಮರಿಗಳು ನಿರೀಕ್ಷೆಯಷ್ಟು ಓಡಲಿಲ್ಲ. 1994ರಲ್ಲಿ ಅದನ್ನು ಜಪಾನಿನ ತಳಿ ಕೇಂದ್ರವೊಂದಕ್ಕೆ ಮಾರಲಾಯಿತು. ಅಲ್ಲಿಯೂ ಕೆಲವು ವರ್ಷಗಳ ನಂತರ ಬೇಡಿಕೆ ಕುಸಿಯಿತು. ಆಮೇಲೆ ಅದು ಕುದುರೆ ವ್ಯಾಪಾರಿಯ ಕೈ ಸೇರಿತು. 2002ರಲ್ಲಿ ಅದು ಕಸಾಯಿಖಾನೆಗೆ ಹೋಯಿತೆಂಬ ಸುದ್ದಿ ಮರುವರ್ಷ ಅಮೆರಿಕದ ರೇಸ್ ಪತ್ರಿಕೆ ದಿ ಬ್ಲಡ್ ಹಾರ್ಸ್‌ನಲ್ಲಿ ಪ್ರಕಟವಾಯಿತು. ಆಗ ಅದಕ್ಕೆ 19 ವರ್ಷ.

ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪ್ರತಿ ಮಾರಾಟವೂ ಕಾನೂನಿನ ಪ್ರಕಾರವೇ ನಡೆದಿತ್ತು. ಕುದುರೆ ಕೈ ಬದಲಿಸಿದಂತೆಲ್ಲ ಅದರ ಹೊಣೆಯೂ ಕೈ ಬದಲಿಸಿತು. ಕೊನೆಯವನ ಕೈಗೆ ಬರುವಾಗ ಅದಕ್ಕೆ ಮಾಂಸದ ಬೆಲೆ ಬಿಟ್ಟು ಬೇರೆ ಬೆಲೆ ಉಳಿದಿರಲಿಲ್ಲ. 37 ಲಕ್ಷ ಡಾಲರ್ ಗಳಿಸಿದ ಕುದುರೆಯ ಹೆಸರಿನಲ್ಲಿ ಮೇವಿಗೆಂದು ಒಂದು ಡಾಲರನ್ನೂ ತೆಗೆದಿಟ್ಟಿರಲಿಲ್ಲ.

ಆ ನಂತರ ಬಂದ ವ್ಯವಸ್ಥೆಗಳು

ಅಮೆರಿಕದಲ್ಲಿ ಈ ಕೆಲಸ ಫರ್ಡಿನಂಡ್‌ಗಿಂತ ಮೊದಲೇ ಆರಂಭವಾಗಿತ್ತು. 1980ರ ದಶಕದಲ್ಲಿ ಥರೋಬ್ರೆಡ್ ರಿಟೈರ್‌ಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಸೆರೆಮನೆಯ ಜಮೀನಿನಲ್ಲಿ ನಿವೃತ್ತ ಕುದುರೆಗಳನ್ನು ಇರಿಸಿತು. ಅವನ್ನು ನೋಡಿಕೊಳ್ಳುವವರು ಅಲ್ಲಿನ ಕೈದಿಗಳೇ. ಕುದುರೆಗೆ ಆಸರೆ ಸಿಕ್ಕಿತು, ಬಿಡುಗಡೆಯಾಗಿ ಹೊರಬರುವ ಕೈದಿಗೆ ಒಂದು ಕಸುಬು ಸಿಕ್ಕಿತು.

ಬೋಸ್ಟನ್ ಗ್ಲೋಬ್ ಪತ್ರಿಕೆಯಲ್ಲಿ ಸಿನಿಮಾ ವಿಮರ್ಶಕರಾಗಿದ್ದ ಮೈಕಲ್ ಬ್ಲೋವನ್ 2003ರಲ್ಲಿ ಓಲ್ಡ್ ಫ್ರೆಂಡ್ಸ್ ಸಂಸ್ಥೆಯನ್ನು ಕಟ್ಟಿದರು. ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿರುವ ಇದರ ಆಶ್ರಯದಲ್ಲಿ 200ಕ್ಕೂ ಹೆಚ್ಚು ಕುದುರೆಗಳಿವೆ. ಒಂದು ಕಾಲದಲ್ಲಿ ಗೆದ್ದ ಕುದುರೆಗಳನ್ನು ನೋಡಲು ಜನ ಬರುತ್ತಾರೆ. ಅವರು ಕೊಡುವ ಹಣವೂ ಮೇವಿಗೆ ನೆರವಾಗುತ್ತದೆ. 1997ರ ಕೆಂಟಕಿ ಡರ್ಬಿ ಗೆದ್ದ ಸಿಲ್ವರ್ ಚಾರ್ಮ್ ಕೂಡ ಫರ್ಡಿನಂಡ್‌ನಂತೆಯೇ ಜಪಾನಿಗೆ ಹೋಗಿತ್ತು. ತಳಿ ಕೆಲಸ ಮುಗಿದ ಮೇಲೆ 2014ರಲ್ಲಿ ಅದನ್ನು ವಾಪಸು ಕರೆತಂದು ಇಲ್ಲಿ ಇರಿಸಲಾಯಿತು. ಈಗ ಹೊರದೇಶಕ್ಕೆ ಕುದುರೆ ಮಾರುವಾಗ ಕೆಲಸ ಮುಗಿದ ಮೇಲೆ ಮೊದಲ ಮಾಲೀಕನಿಗೆ ಮರಳಿ ಕೊಳ್ಳುವ ಹಕ್ಕು ಇರಬೇಕು ಎಂಬ ಷರತ್ತನ್ನು ಅನೇಕರು ಒಪ್ಪಂದದಲ್ಲೇ ಬರೆಸುತ್ತಾರೆ.

ನ್ಯೂಯಾರ್ಕ್‌ನ ಮಾಲೀಕರು ಪ್ರತಿ ಓಟದ ಜೊತೆ ಸಣ್ಣ ಮೊತ್ತವೊಂದನ್ನು ಸ್ವಇಚ್ಛೆಯಿಂದ ಕಟ್ಟುವ ಪದ್ಧತಿ ತಂದರು. ಅದಕ್ಕೆ ಫರ್ಡಿನಂಡ್ ಶುಲ್ಕ ಎಂದೇ ಹೆಸರಿಟ್ಟರು. 2012ರಲ್ಲಿ ಥರೋಬ್ರೆಡ್ ಆಫ್ಟರ್‌ಕೇರ್ ಅಲಯನ್ಸ್ ಆರಂಭವಾಯಿತು. ಇದು ಆಶ್ರಯ ಸಂಸ್ಥೆಗಳನ್ನು ಪರಿಶೀಲಿಸಿ ಮಾನ್ಯತೆ ಮತ್ತು ಧನಸಹಾಯ ಕೊಡುತ್ತದೆ. 2017 ಮತ್ತು ನಂತರ ಹುಟ್ಟಿದ ಮರಿಗಳಿಗೆ ನೋಂದಣಿಯ ವೇಳೆ ಮೈಕ್ರೋಚಿಪ್ ಕಡ್ಡಾಯವಾಯಿತು. ಚಿಪ್ ಇದ್ದರೆ ಕುದುರೆ ಯಾವ ಸಂತೆಗೆ ಬಂದರೂ ಅದು ಯಾವುದು ಎಂದು ಗುರುತಿಸಬಹುದು.

ಆದರೂ ಸಮಸ್ಯೆ ತೀರಿಲ್ಲ. ಅಮೆರಿಕದ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ಆ ಮೇಲೆ ಕುದುರೆಗಳನ್ನು ಲಾರಿಗಳಲ್ಲಿ ಕೆನಡಾ ಮತ್ತು ಮೆಕ್ಸಿಕೊಗೆ ಸಾಗಿಸುವುದು ನಡೆಯಿತು. ಒಂದು ಬಾಗಿಲು ಮುಚ್ಚಿದಾಗ ಕುದುರೆಗೆ ಇರಲು ಬೇರೆ ಜಾಗ ಸಿದ್ಧವಿಲ್ಲದಿದ್ದರೆ ಅದರ ಪ್ರಯಾಣ ಉದ್ದವಾಗುತ್ತದೆ ಅಷ್ಟೆ.

ಬ್ರಿಟನ್ನಿನಲ್ಲಿ 2000ರಲ್ಲಿ ರೀಟ್ರೇನಿಂಗ್ ಆಫ್ ರೇಸ್‌ಹಾರ್ಸಸ್ ಎಂಬ ಸಂಸ್ಥೆಯನ್ನು ರೇಸ್ ಉದ್ಯಮವೇ ಆರಂಭಿಸಿತು. ಓಟ ಬಿಟ್ಟ ಕುದುರೆಗಳಿಗೆ ಸವಾರಿ, ಜಿಗಿತ, ಪೋಲೋ ಮುಂತಾದ ಬೇರೆ ಕೆಲಸ ಕಲಿಸುವುದು ಇದರ ಉದ್ದೇಶ. 2022ರ ಜನವರಿಯಿಂದ ಬ್ರಿಟನ್ನಿನಲ್ಲಿ ಓಡುವ ಪ್ರತಿ ಕುದುರೆಯನ್ನೂ ಮಾಂಸಕ್ಕೆ ಬಳಸುವಂತಿಲ್ಲ ಎಂದು ಅದರ ದಾಖಲೆಯಲ್ಲೇ ನಮೂದಿಸುವುದು ಕಡ್ಡಾಯ. ಆಸ್ಟ್ರೇಲಿಯಾದಲ್ಲಿ ರೇಸ್ ಕುದುರೆಗಳನ್ನು ಕಸಾಯಿಖಾನೆಯಲ್ಲಿ ಕೊಲ್ಲುವ ದೃಶ್ಯಗಳು 2019ರ ಅಕ್ಟೋಬರ್‌ನಲ್ಲಿ ಸರ್ಕಾರಿ ಟಿವಿ ವಾಹಿನಿ ಎಬಿಸಿಯಲ್ಲಿ ಪ್ರಸಾರವಾದವು. ಕ್ವೀನ್ಸ್‌ಲ್ಯಾಂಡ್ ರಾಜ್ಯ ಸರ್ಕಾರ ತನಿಖೆಗೆ ಆದೇಶಿಸಬೇಕಾಯಿತು.

ನಮ್ಮ ದೇಶದಲ್ಲಿ

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಬೆಂಗಳೂರು ಮತ್ತು ಮೈಸೂರು ಎರಡೂ ರೇಸ್ ನಗರಗಳು. ಮೈಸೂರು ರೇಸ್ ಕ್ಲಬ್ 1891ರಷ್ಟು ಹಳೆಯದು. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿರುವ ಕುದುರೆ ಫಾರಂನ ಇತಿಹಾಸ ಟಿಪ್ಪು ಸುಲ್ತಾನನ ಕಾಲದವರೆಗೆ ಹೋಗುತ್ತದೆ. ಅಂದು ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ನಂತರ ರೇಸ್ ಕುದುರೆಗಳ ತಳಿ ಕೇಂದ್ರವಾಯಿತು.

ಓಟ ಬಿಟ್ಟ ಕುದುರೆಗಳಲ್ಲಿ ಅದೃಷ್ಟವಿದ್ದವು ಸವಾರಿ ಶಾಲೆಗಳಿಗೆ, ಪೊಲೀಸ್ ಅಶ್ವದಳಗಳಿಗೆ ಹೋಗುತ್ತವೆ. ಇನ್ನು ಕೆಲವು ಮದುವೆ ಮೆರವಣಿಗೆ, ಪ್ರವಾಸಿ ತಾಣಗಳ ಸವಾರಿ, ಗಾಡಿ ಕೆಲಸಕ್ಕೆ ಹೋಗುತ್ತವೆ. ಪಟಾಕಿ, ಬ್ಯಾಂಡು, ವಾಹನಗಳ ಗದ್ದಲ ರೇಸ್ ಕುದುರೆಗೆ ಒಗ್ಗುವುದಿಲ್ಲ. ಹಳೆಯ ಪೆಟ್ಟಿರುವ ಕಾಲಿಗೆ ಡಾಂಬರು ರಸ್ತೆ ಇನ್ನಷ್ಟು ನೋವು ಕೊಡುತ್ತದೆ. ಮುಂಬೈಯಲ್ಲಿ ಮೋಜಿಗಾಗಿ ಓಡುತ್ತಿದ್ದ ವಿಕ್ಟೋರಿಯಾ ಗಾಡಿಗಳನ್ನು ಬಾಂಬೆ ಹೈಕೋರ್ಟ್ 2015ರಲ್ಲಿ ಕಾನೂನುಬಾಹಿರ ಎಂದು ತೀರ್ಪಿತ್ತಿತು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ವಯಸ್ಸು, ರೋಗ ಅಥವಾ ಗಾಯದಿಂದ ಕೆಲಸಕ್ಕೆ ತಕ್ಕದಲ್ಲದ ಪ್ರಾಣಿಯನ್ನು ದುಡಿಸುವುದೂ ಅಪರಾಧವೇ. ಆದರೆ ಮೊದಲ ಅಪರಾಧಕ್ಕೆ ಆ ಕಾಯ್ದೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ ಮಾತ್ರ. ಕುದುರೆಯ ಒಂದು ಹೊತ್ತಿನ ಮೇವಿಗೂ ಅದು ಸಾಲದು. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ದನ ಮತ್ತು ಎಮ್ಮೆಗಳಿಗೆ ಸಂಬಂಧಿಸಿದ್ದು, ಕುದುರೆ ಅದರಲ್ಲಿ ಸೇರಿಲ್ಲ.

ಪಾಂಜರಾಪೋಳಕ್ಕೆ ಕುದುರೆ ಬಂದಾಗ

ಕಟುಕನ ಕೈಗೆ ಹೋಗಲಿದ್ದ ಅಥವಾ ಬೀದಿಗೆ ಬಿದ್ದ ಕುದುರೆಯನ್ನು ಪಾಂಜರಾಪೋಳ, ಗೋಶಾಲೆಗಳಿಗೆ ತಂದು ಬಿಡುವುದುಂಟು. ಅಲ್ಲಿ ದಯೆಗೆ ಕೊರತೆ ಇರುವುದಿಲ್ಲ. ಆದರೆ ದನವನ್ನು ನೋಡಿಕೊಂಡಂತೆ ಕುದುರೆಯನ್ನು ನೋಡಿಕೊಂಡರೆ ಅದು ಸತ್ತೇ ಹೋಗಬಹುದು. ಈ ಕೆಳಗಿನ ವಿಷಯಗಳು ಮೇವು ಹಾಕುವವರಿಗೂ ತಿಳಿದಿರಬೇಕು.

ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ, ಅದಕ್ಕೆ ವಾಂತಿ ಮಾಡಲೂ ಆಗುವುದಿಲ್ಲ. ಒಮ್ಮೆಗೇ ಹೆಚ್ಚು ಕಾಳು, ಬೆಲ್ಲ, ಲಾಪ್ಸಿ, ಚಪಾತಿ, ಅನ್ನ ತಿಂದರೆ ಕೋಲಿಕ್ ಎಂಬ ಹೊಟ್ಟೆಶೂಲೆ ಬರುತ್ತದೆ. ಗೊರಸಿನ ಒಳಭಾಗ ಊದಿಕೊಂಡು ನಿಲ್ಲಲಾಗದ ಸ್ಥಿತಿಯೂ ಬರಬಹುದು. ಹಬ್ಬ, ಹುಟ್ಟುಹಬ್ಬದ ದಿನ ಭಕ್ತಿಯಿಂದ ತಂದ ಬೆಲ್ಲವನ್ನು ದನಗಳಿಗೆ ಕೊಟ್ಟಂತೆ ಕುದುರೆಯ ಮುಂದೆ ಸುರಿಯಬಾರದು.

ದನ ಮತ್ತು ಕೋಳಿಗೆಂದು ತಯಾರಿಸಿದ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿರುತ್ತದೆ. ದನಕ್ಕೆ ಅದರಿಂದ ತೊಂದರೆ ಇಲ್ಲ. ಕುದುರೆಗೆ ಸ್ವಲ್ಪವೇ ಸಾಕು, ಹೃದಯ ಕೆಟ್ಟು ಸಾಯುತ್ತದೆ. ಆದ್ದರಿಂದ ಕುದುರೆಯ ಆಹಾರದ ಚೀಲ ಬೇರೆ, ಬಕೆಟ್ ಬೇರೆ, ಕೋಣೆ ಬೇರೆ ಇರಬೇಕು.

ಮುಖ್ಯ ಆಹಾರ ಒಳ್ಳೆಯ ಒಣಹುಲ್ಲು. ದಿನಕ್ಕೆ 8ರಿಂದ 10 ಕಿಲೋ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ. ನೀರು ದಿನಕ್ಕೆ 25ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕಾಗಬಹುದು.

ಮೈದಾನದಿಂದ ಹೊಸದಾಗಿ ಬಂದ ಕುದುರೆ ದಿನದ ಬಹುಪಾಲು ಲಾಯದಲ್ಲೇ ನಿಂತು, ಹೆಚ್ಚು ಕಾಳು ತಿಂದು ಬೆಳೆದಿರುತ್ತದೆ. ಅದನ್ನು ಮೊದಲ ದಿನವೇ ಬಯಲಿಗೆ ಬಿಟ್ಟರೆ ಓಡಿ ಕಾಲು ಮುರಿದುಕೊಳ್ಳಬಹುದು. ಕೆಲವು ವಾರಗಳಲ್ಲಿ ಕಾಳನ್ನು ನಿಧಾನವಾಗಿ ಇಳಿಸಿ, ಬಯಲಿನ ಹೊತ್ತನ್ನು ನಿಧಾನವಾಗಿ ಏರಿಸಬೇಕು. ರೇಸ್ ಕುದುರೆಗಳಲ್ಲಿ ಹೊಟ್ಟೆಯ ಹುಣ್ಣು ಬಹಳ ಸಾಮಾನ್ಯ. ತೂಕ ಇಳಿಯುತ್ತಿದ್ದರೆ ವೈದ್ಯರು ಅದನ್ನೂ ನೋಡಬೇಕು.

6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು, ವರ್ಷಕ್ಕೊಮ್ಮೆ ಹಲ್ಲು ತೋರಿಸಬೇಕು. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ, ಲಸಿಕೆ ತಪ್ಪಿಸಬಾರದು. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆ, ಕತ್ತೆಗಳಿಂದ ಮನುಷ್ಯರಿಗೂ ಹರಡುತ್ತದೆ. ಹೊಸ ಕುದುರೆಯನ್ನು ಪ್ರತ್ಯೇಕವಾಗಿ ಇರಿಸಿ, ಪಶುವೈದ್ಯ ಇಲಾಖೆಯ ಮೂಲಕ ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಉಳಿದ ಪ್ರಾಣಿಗಳ ಜೊತೆ ಬಿಡಬೇಕು. ಕುದುರೆ ಗುಂಪಿನ ಪ್ರಾಣಿ. ಒಂಟಿಯಾಗಿ ಇಟ್ಟರೆ ಕೊರಗುತ್ತದೆ, ಜೊತೆಗೆ ಇನ್ನೊಂದು ಕುದುರೆ ಅಥವಾ ಕತ್ತೆಯಾದರೂ ಇರಲಿ.

ಒಪ್ಪಿಕೊಳ್ಳುವ ಮೊದಲಿನ ಲೆಕ್ಕ

ಒಂದು ಕುದುರೆಗೆ ದಿನಕ್ಕೆ 9 ಕಿಲೋ ಹುಲ್ಲು ಎಂದು ಹಿಡಿದರೆ ವರ್ಷಕ್ಕೆ ಸುಮಾರು 3,300 ಕಿಲೋ. 20 ವರ್ಷಕ್ಕೆ 65 ಟನ್‌ಗೂ ಹೆಚ್ಚು. ಗೊರಸಿನ ಕೆಲಸ ವರ್ಷಕ್ಕೆ ಏಳೆಂಟು ಬಾರಿಯಂತೆ 20 ವರ್ಷಕ್ಕೆ ಸುಮಾರು 150 ಬಾರಿ. ಔಷಧ, ಲಸಿಕೆ, ಆಳಿನ ಸಂಬಳ, ಜಾಗ ಇದಕ್ಕೆ ಹೊರತು. ಕುದುರೆಯನ್ನು ಬಿಡಿಸಿ ತಂದ ದಿನ ಫೋಟೋ ತೆಗೆಯುವವರು ಅನೇಕರಿರುತ್ತಾರೆ. ಖರ್ಚು ಮಾತ್ರ 7,000ಕ್ಕೂ ಹೆಚ್ಚು ದಿನ ಒಂದೇ ಸಮನೆ ಬರುತ್ತದೆ.

ಆದ್ದರಿಂದ ಕುದುರೆಯನ್ನು ಒಪ್ಪಿಕೊಳ್ಳುವ ಟ್ರಸ್ಟ್ ಮೊದಲೇ ಕೆಲವು ವಿಷಯ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಕುದುರೆಯ ಹೆಸರು, ಚಿಪ್ ಸಂಖ್ಯೆ, ಹಳೆಯ ಗಾಯಗಳ ವಿವರ ಬರವಣಿಗೆಯಲ್ಲಿ ಬೇಕು. ಮಾಲೀಕತ್ವ ಟ್ರಸ್ಟ್‌ಗೆ ವರ್ಗವಾದ ಪತ್ರ ಬೇಕು. ಮುಂದೆ ಯಾರಿಗಾದರೂ ದತ್ತು ಕೊಟ್ಟರೆ, ಸಾಕಲಾಗದಿದ್ದಾಗ ಮಾರದೆ ಟ್ರಸ್ಟ್‌ಗೇ ಮರಳಿಸಬೇಕು ಎಂಬ ಷರತ್ತು ಇರಬೇಕು. ಕುದುರೆಯ ಚಿಕಿತ್ಸೆ ಬಲ್ಲ ಪಶುವೈದ್ಯರು ಮತ್ತು ಗೊರಸು ಕತ್ತರಿಸುವವರು ಕರೆದರೆ ಬರುವಷ್ಟು ಹತ್ತಿರ ಇರಬೇಕು. ಗೆಲುವಿನ ಕಾಲದಲ್ಲಿ ಬಹುಮಾನ ಪಡೆದ ಮಾಲೀಕರನ್ನು ಕುದುರೆಯ ಹೆಸರಿನಲ್ಲಿ ಠೇವಣಿ ಇಡುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ಹಲವರು ಕೇಳಿದರೆ ಕೊಡುತ್ತಾರೆ.

ಅಂಗಡಿಯಲ್ಲಿ ದುಡಿದ ನೌಕರನಿಗೆ ಗ್ರಾಚ್ಯುಟಿ ಕೊಡುವುದು ಕಾನೂನು. ಅದಕ್ಕೆ ಬೇಕಾದ ಹಣವನ್ನು ಆತ ದುಡಿಯುತ್ತಿರುವಾಗಲೇ ವರ್ಷ ವರ್ಷ ತೆಗೆದಿಡುವುದು ಒಳ್ಳೆಯ ವ್ಯಾಪಾರಿಯ ಕ್ರಮ. ಕುದುರೆಯ ವಿಷಯದಲ್ಲೂ ಅದೇ ಕ್ರಮ ಬರಬೇಕು. ಪ್ರತಿ ಓಟದಿಂದ, ಪ್ರತಿ ಬಹುಮಾನದಿಂದ ಸಣ್ಣ ಪಾಲೊಂದು ಅದರ ಮುಂದಿನ ಮೇವಿಗೆ ಜಮೆಯಾದರೆ, ಓಟ ನಿಂತ ದಿನ ಅದನ್ನು ಯಾರ ತಲೆಗೆ ಕಟ್ಟುವುದು ಎಂದು ಹುಡುಕಬೇಕಾಗುವುದಿಲ್ಲ.