ಕುಡುಗೋಲು ಹಾಕಿದ ಎಲ್ಲೆ

ಹೊಲ ಎಷ್ಟೇ ಇರಲಿ, ಕುಡುಗೋಲಿಗೆ ಎಟಕುವಷ್ಟೇ ಬಿತ್ತಬೇಕು. ಅಮೆರಿಕದ ಗೋಧಿ ರೈತನಿಗೂ ಒಂದು ಕಾಲಕ್ಕೆ ಇದೇ ಪಾಡು. ಮಾಗಿದ ಗೋಧಿ ಬಹಳ ದಿನ ಕಾಯದು, ಕಾಳು ಉದುರುತ್ತದೆ. ಸುಗ್ಗಿಯಲ್ಲಿ ಆಳು ಹುಡುಕಿ ಅಲೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ 1828ರಲ್ಲೇ ಕೊಯ್ಲಿನ ಯಂತ್ರ ಓಡಿಸಿದ್ದರು, ಪೇಟೆಂಟ್ ಮಾಡಿಸಲಿಲ್ಲ. ವರ್ಜೀನಿಯಾದ ಸೈರಸ್ ಮೆಕಾರ್ಮಿಕ್ 1831ರಲ್ಲಿ ತಮ್ಮ ಯಂತ್ರವನ್ನು ಕುದುರೆ ಹೂಡಿ ತೋರಿಸಿ, 1834ರಲ್ಲಿ ಪೇಟೆಂಟ್ ಪಡೆದರು. ಗಾಲಿ ಉರುಳಿದಂತೆ ಹಲ್ಲಿನ ಅಲಗು ಅತ್ತಿತ್ತ ಸರಿದು ಕೊಯ್ಯುತ್ತಿತ್ತು. ಅದನ್ನು ಕಟ್ಟುವಾಗ ಜೊತೆಗೆ ದುಡಿದವರು ಜೋ ಆಂಡರ್ಸನ್, ಆ ಮನೆತನದ ಗುಲಾಮ. ಪೇಟೆಂಟಿನಲ್ಲಿ ಅವರ ಹೆಸರಿಲ್ಲ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನ್ನ ಕಣ್ಣು ಹೋಗುವುದು ಇನ್ನೊಂದು ಕಡೆ. 1847ರಲ್ಲಿ ಷಿಕಾಗೋದಲ್ಲಿ ಕಾರ್ಖಾನೆ ಹಾಕಿದ ಮೆಕಾರ್ಮಿಕ್, ಸುಮಾರು 120 ಡಾಲರಿನ ಯಂತ್ರವನ್ನು 30 ಡಾಲರ್ ಮುಂಗಡಕ್ಕೆ ಕೊಟ್ಟರು. ಉಳಿದದ್ದು ಸುಗ್ಗಿಯ ನಂತರ. ಕೈಯಲ್ಲಿ ಕಾಸಿಲ್ಲದ ಬಯಲುಸೀಮೆಯ ರೈತ ಧೈರ್ಯವಾಗಿ ಹೆಚ್ಚು ಬಿತ್ತಿದ. ಬೆಳೆ ಕೈಕೊಟ್ಟರೆ ಸಾಲ ಮಾತ್ರ ಅವನ ತಲೆಯ ಮೇಲೇ, ಅನ್ನಿ!

1861ರಲ್ಲಿ ಗುಲಾಮಗಿರಿಯ ಜಗಳ ಅಂತರ್ಯುದ್ಧವಾಯಿತು. ಉತ್ತರದ ಗಂಡಾಳುಗಳು ದಂಡಿಗೆ ಹೋದರೂ ಅಲ್ಲಿ ಕೊಯ್ಲು ನಿಲ್ಲಲಿಲ್ಲ. ಆಂಡರ್ಸನ್ನರ ಕೈಗೆಲಸ ಯಾರ ಕಡೆಗೆ ನೆರವಾಯಿತು ನೋಡಿ.

ಸಿವುಡು ಕಟ್ಟಲು ಮಾತ್ರ ಕೈಗಳೇ ಬೇಕಿದ್ದವು. 1870ರ ದಶಕದಲ್ಲಿ ತಂತಿಯಿಂದ ಕಟ್ಟುವ ಯಂತ್ರ ಬಂತು. ತಂತಿಯ ಚೂರು ದನದ ಹೊಟ್ಟೆ ಸೇರುತ್ತದೆಂದು ರೈತರು ತಕರಾರೆತ್ತಿದರು. ಆಮೇಲೆ ಹುರಿಯಿಂದ ಗಂಟು ಹಾಕುವ ಯಂತ್ರ ಬಂತು.