ಯಾವ ಕಡೆಗೆ ತಿರುಗಬೇಕು?

ಯಂತ್ರಶಾಸ್ತ್ರ ನನ್ನ ಅಧ್ಯಯನದ ವಿಷಯವಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಹಳ್ಳಿಯ ತೋಟದ ಬಾವಿಯ ಬಳಿ ನಡೆದ ಒಂದು ಸಣ್ಣ ಸಂಗತಿಯೇ ಈ ಮಾತುಗಳಿಗೆ ಪ್ರೇರಣೆ. ವಿದ್ಯುತ್ ಕಂಬದಲ್ಲಿ ಏನೋ ದುರಸ್ತಿ ನಡೆದ ಮರುದಿನ, ಪಂಪ್‌ಸೆಟ್ಟು ಎಂದಿನಂತೆ ಸದ್ದು ಮಾಡುತ್ತ ಓಡಿತು. ನೀರು ಮಾತ್ರ ಮೇಲೇರಲಿಲ್ಲ. ಎರಡು ದಿನ ಸಸಿಗಳು ಬಾಡಿದವು. ಆಮೇಲೆ ಬಂದ ರಿಪೇರಿಯ ಹುಡುಗ ಒಂದು ಗಳಿಗೆ ನೋಡಿ, "ಉಲ್ಟಾ ತಿರುಗ್ತಾ ಇದೆ, ಮೇಷ್ಟ್ರೇ" ಎಂದು, ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದ. ನೀರು ಬಂತು. ಎರಡು ತಂತಿಗಳ ಸ್ಥಾನಪಲ್ಲಟದಿಂದ ಯಂತ್ರದ ದಿಕ್ಕೇ ಬದಲಾಗುವುದೆಂತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಇದರ ಕಥೆ 1821ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೊದಲಾಗುತ್ತದೆ. ಪಾದರಸದ ಬಟ್ಟಲಿನಲ್ಲಿ ನಿಂತ ಅಯಸ್ಕಾಂತದ ಸುತ್ತ, ವಿದ್ಯುತ್ತು ಹರಿಯುವ ತಂತಿಯೊಂದು ಪ್ರದಕ್ಷಿಣೆ ಹಾಕುವುದನ್ನು ಮೈಕೆಲ್ ಫ್ಯಾರಡೆ ಅಲ್ಲಿ ಕಂಡನು. ವಿದ್ಯುತ್ತಿನ ಹರಿವನ್ನು ತಿರುವುಮುರುವು ಮಾಡಿದರೆ ಪ್ರದಕ್ಷಿಣೆಯೂ ಅಪ್ರದಕ್ಷಿಣೆಯಾಗುತ್ತಿತ್ತು. ಮೂರು ವರ್ಷಗಳ ತರುವಾಯ ಪ್ಯಾರಿಸ್ಸಿನಲ್ಲಿ ಅರಗೋ ಎಂಬ ವಿಜ್ಞಾನಿ, ತಿರುಗುವ ತಾಮ್ರದ ತಟ್ಟೆಯ ಮೇಲೆ ತೂಗಿದ ಕಾಂತಸೂಜಿಯು ತಾನೂ ಅದೇ ಕಡೆಗೆ ಎಳೆಯಲ್ಪಡುವುದನ್ನು ಗಮನಿಸಿದನು. ತಾಮ್ರವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಆದರೂ ಒಂದು ತಿರುಗಿದರೆ ಇನ್ನೊಂದು ಬೆನ್ನುಹತ್ತುತ್ತದೆ!

ಹಾಗಾದರೆ ಅಯಸ್ಕಾಂತವನ್ನು ಕೈಯಿಂದ ತಿರುಗಿಸದೆ, ಅದರ ಬಲವನ್ನು ಮಾತ್ರ ತಿರುಗಿಸಬಹುದೆ? ಬಹುದೆಂದು ಇಟಲಿಯ ಟ್ಯೂರಿನ್ ನಗರದ ಗೆಲಿಲಿಯೋ ಫೆರಾರಿಸ್ 1885ರಲ್ಲಿ ತೋರಿಸಿದರು. ಆದರೆ ಇಂಥ ಮೋಟಾರಿಗೆ ಕೈಗಾರಿಕೆಯಲ್ಲಿ ಉಪಯೋಗವಿಲ್ಲವೆಂದು ಅವರೇ ಬಗೆದರು. 1888ರಲ್ಲಿ ಅವರ ಪ್ರಬಂಧವೂ ಅಮೆರಿಕದಲ್ಲಿ ನಿಕೋಲಾ ಟೆಸ್ಲಾ ಪಡೆದ ಪೇಟೆಂಟುಗಳೂ ಪ್ರಕಟವಾದವು. ಮರುವರ್ಷ ಬರ್ಲಿನ್ನಿನಲ್ಲಿ ದೊಲಿವೋ ದೊಬ್ರೊವೋಲ್‌ಸ್ಕಿ ಮೂರು ಫೇಸಿನ ಮೋಟಾರನ್ನು ರೂಪಿಸಿದರು. ಮೂರು ತಂತಿಗಳ ವಿದ್ಯುತ್ತು ಒಂದಾದ ಮೇಲೊಂದು ಉಬ್ಬರಕ್ಕೆ ಬರುತ್ತದೆ: ಮೊದಲನೆಯದು, ಎರಡನೆಯದು, ಮೂರನೆಯದು. ಸುತ್ತಲೂ ಜೋಡಿಸಿದ ಸುರುಳಿಗಳಲ್ಲಿ ಕಾಂತಬಲ ಅದೇ ಕ್ರಮದಲ್ಲಿ ಸುತ್ತುತ್ತದೆ. ನಡುವಿನ ಉರುಳೆ ಅದನ್ನು ಹಿಂಬಾಲಿಸುತ್ತದೆ. ಯಾವುವಾದರೂ ಎರಡು ತಂತಿಗಳನ್ನು ಬದಲಿಸಿದರೆ ಸರದಿ ತಿರುಗುಮುರುಗಾಗುತ್ತದೆ, ಮೋಟಾರೂ ಹಿಂದುಮುಂದಾಗುತ್ತದೆ. ಮೂರನ್ನೂ ಒಂದೊಂದು ಸ್ಥಾನ ಮುಂದಕ್ಕೆ ಸರಿಸಿದರೆ ಮಾತ್ರ ಯಾವ ವ್ಯತ್ಯಾಸವೂ ಇಲ್ಲ. ಸರದಿ ಹಾಗೆಯೇ ಉಳಿಯಿತಲ್ಲವೆ?

1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ಈ ಮೂರು ಫೇಸಿನ ವಿದ್ಯುತ್ತೇ. ನಮ್ಮ ಬಾವಿಯ ಮೋಟಾರು ಆ ವಂಶದ್ದು. ಅದಕ್ಕೆ ತನ್ನದೆಂಬ ದಿಕ್ಕಿಲ್ಲ, ಪಂಪಿಗೆ ಉಂಟು.

ಪೆಟ್ರೋಲ್ ಎಂಜಿನ್ನಿನ ಸ್ವಭಾವ ಬೇರೆ. 1876ರಲ್ಲಿ ನಿಕೋಲಸ್ ಆಟೋ ನಿರ್ಮಿಸಿದ ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಉಸಿರೆಳೆಯುವುದು, ಅದುಮುವುದು, ಉರಿಯುವುದು, ಹೊಗೆ ಬಿಡುವುದು ಎಂಬ ಕ್ರಮವುಂಟು. ಕವಾಟಗಳು ಈ ಕ್ರಮಕ್ಕೇ ಕಟ್ಟುಬಿದ್ದಿವೆ. ಹಿಂದಕ್ಕೆ ತಿರುಗಿಸಿದರೆ ಅದು ಹೊಗೆಯ ಕೊಳವೆಯಿಂದ ಉಸಿರೆಳೆದೀತು! ಆದರೆ ಕಟ್ಟುವಾಗಲೇ ಯಾವ ದಿಕ್ಕನ್ನು ಆರಿಸಬೇಕು? ಎರಡೂ ಸಮಾನ. ಅಂತೂ ಬಹುಪಾಲು ಕಾರುಗಳಲ್ಲಿ ಎಂಜಿನ್ನು, ಮುಂದೆ ನಿಂತು ನೋಡುವವರಿಗೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಿಂದಿನ ಕಾಲದಲ್ಲಿ ಕಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯುತ್ತಿದ್ದರಷ್ಟೆ. ಬಲಗೈ ರೂಢಿಯವರಿಗೆ ಹಾಗೆ ತಿರುಗಿಸುವುದು ಸಲೀಸು ಎಂಬುದೇ ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ.

ಆ ಹ್ಯಾಂಡಲ್ ಅಪಾಯದ್ದಾಗಿತ್ತು. ಕಿಡಿ ಹೊತ್ತಿಗೆ ಮೊದಲೇ ಹಾರಿದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತಿತ್ತು. ಮಣಿಕಟ್ಟು ಮುರಿದವರು ಎಷ್ಟೋ ಮಂದಿ. ಹೆಬ್ಬೆರಳನ್ನು ಹಿಡಿಕೆಗೆ ಸುತ್ತಬಾರದೆಂದು ಅನುಭವಿಗಳು ಎಚ್ಚರಿಸುತ್ತಿದ್ದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಿತು. ಯಾವ ಕಡೆಗಾದರೂ ತಿರುಗಬಲ್ಲ ಮೋಟಾರು, ಒಂದೇ ಕಡೆಗೆ ತಿರುಗಬಲ್ಲ ಎಂಜಿನ್ನನ್ನು ಎಬ್ಬಿಸಲು ನಿಂತಿತು. ಕೈಗೆ ಬಿಡುಗಡೆಯಾಯಿತು, ಕೈ ಆರಿಸಿದ ದಿಕ್ಕು ಮಾತ್ರ ಉಳಿಯಿತು.

ಅದು ಪ್ರಕೃತಿಯ ನಿಯಮವಲ್ಲವೆಂಬುದಕ್ಕೆ ಸಾಕ್ಷಿಯುಂಟು. ಜಪಾನಿನ ಹೋಂಡಾ ಕಂಪನಿಯ ಹಲವು ಕಾರುಗಳ ಎಂಜಿನ್ನುಗಳು ದಶಕಗಳ ಕಾಲ ಎದುರು ದಿಕ್ಕಿಗೇ ತಿರುಗಿದವು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಷ್ಟೇ ಆ ಕಂಪನಿ ಬಹುಮತದ ಕಡೆಗೆ ವಾಲಿತು. ದೊಡ್ಡ ಹಡಗುಗಳ ಎರಡು ಹೊಡೆತದ ಡೀಸೆಲ್ ಎಂಜಿನ್ನುಗಳನ್ನಂತೂ, ಹಿಂದಕ್ಕೆ ಹೋಗಬೇಕಾದಾಗ ನಿಲ್ಲಿಸಿ, ಎದುರು ದಿಕ್ಕಿಗೆ ಮತ್ತೆ ಹೊರಡಿಸುತ್ತಾರೆ.

ಇನ್ನೊಂದು ಮಾತು. ಪ್ರದಕ್ಷಿಣ, ಅಪ್ರದಕ್ಷಿಣ ಎನ್ನುವುದೂ ನೋಡುವವನು ನಿಂತ ಕಡೆಯನ್ನು ಅವಲಂಬಿಸಿದೆ. ಮುಂದಿನಿಂದ ಬಲಕ್ಕೆ ಸುತ್ತುವ ಎಂಜಿನ್ನು ಹಿಂದಿನಿಂದ ಎಡಕ್ಕೆ ಸುತ್ತುತ್ತದೆ. ತಿರುಗುವುದು ಮಾತ್ರ ಒಂದೇ. ಆದ್ದರಿಂದಲೇ ತಯಾರಕರು ಪಂಪಿನ ಮೈಮೇಲೆ ಬಾಣದ ಗುರುತನ್ನು ಎರಕ ಹೊಯ್ದಿರುತ್ತಾರೆ. ನಮ್ಮ ಪಂಪಿನ ಮೇಲೂ ಅದಿತ್ತು. ಮಣ್ಣು ಮೆತ್ತಿಕೊಂಡು ಕಾಣಿಸುತ್ತಿರಲಿಲ್ಲ. ಹುಡುಗ ಹೋದ ಮೇಲೆ ನಾನು ಅದನ್ನು ಒರೆಸಿ ನೋಡಿದೆ. ಅಷ್ಟು ಓದಿಕೊಂಡವನು ಆ ಒಂದು ಗೆರೆಯನ್ನು ಎರಡು ದಿನ ಮೊದಲೇ ಓದಿದ್ದರೆ ಸಸಿಗಳು ಬಾಡುತ್ತಿರಲಿಲ್ಲ.