ಸೆವರ್ನ್‌ಡ್ರೂಗ್ ಕ್ಯಾಸಲ್

ಲಂಡನ್ನಿನ ಆಗ್ನೇಯ ಭಾಗದ ಶೂಟರ್ಸ್ ಹಿಲ್ ಎಂಬ ಗುಡ್ಡದ ಕಾಡಿನಲ್ಲಿರುವ ಇಟ್ಟಿಗೆಯ ಗೋಪುರ. ಹೆಸರಿಗೆ ಕೋಟೆಯಾದರೂ ಯುದ್ಧಕ್ಕಾಗಿ ಕಟ್ಟಿದ್ದಲ್ಲ. 18ನೆಯ ಶತಮಾನದ ಇಂಗ್ಲೆಂಡಿನ ಸಿರಿವಂತರು ವಾಸಕ್ಕೂ ಅಲ್ಲದೆ ಕಾವಲಿಗೂ ಅಲ್ಲದೆ, ಬರೀ ನೋಟಕ್ಕೋ ನೆನಪಿಗೋ ಕಟ್ಟಿಸುತ್ತಿದ್ದ ಇಂಥ ಕಟ್ಟಡಗಳಿಗೆ ಫಾಲಿ ಎಂದು ಹೆಸರು.

ಇದರ ಹೆಸರಿನ ಮೂಲ ಕೊಂಕಣ ತೀರದಲ್ಲಿದೆ. ಹರ್ಣೈ ಬಳಿ ಸಮುದ್ರದ ನಡುವಿನ ಸುವರ್ಣದುರ್ಗ ಕೋಟೆ, ಇಂಗ್ಲಿಷರ ಬಾಯಲ್ಲಿ ಸೆವರ್ನ್‌ಡ್ರೂಗ್, ಮರಾಠಾ ನೌಕಾನಾಯಕ ತುಳಾಜಿ ಆಂಗ್ರೆಯ ವಶದಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ನೌಕಾಧಿಕಾರಿ ವಿಲಿಯಂ ಜೇಮ್ಸ್ 1755ರ ಏಪ್ರಿಲ್ 2ರಂದು ಅದನ್ನು ಗೆದ್ದುಕೊಂಡ. ಹಡಗಿನಿಂದ ಹಾರಿಸಿದ ಗುಂಡುಗಳಿಂದ ಕೋಟೆಗೆ ಬೆಂಕಿ ಹತ್ತಿ ಮದ್ದಿನ ಮನೆ ಸಿಡಿದದ್ದೇ ಸೋಲಿಗೆ ಕಾರಣವಾಯಿತು. ಮುಂದೆ ಕಂಪನಿಯ ಅಧ್ಯಕ್ಷನೂ ಆದ ಜೇಮ್ಸ್ 1783ರಲ್ಲಿ ತೀರಿಕೊಂಡ. ಮರುವರ್ಷ ಅವನ ಹೆಂಡತಿ ಲೇಡಿ ಜೇಮ್ಸ್, ವಾಸ್ತುಶಿಲ್ಪಿ ರಿಚರ್ಡ್ ಜಪ್ ಕೈಯಲ್ಲಿ ಈ ಸ್ಮಾರಕ ಕಟ್ಟಿಸಿದಳು. ಕನ್ನಡಿಗರಿಗೆ ಹೆಸರು ಕೇಳಿದೊಡನೆ ಮಾಗಡಿಯ ಸಾವನದುರ್ಗ ನೆನಪಾದೀತು. ಆದರೆ ಕಾರ್ನ್‌ವಾಲಿಸನ ಸೇನೆ ಅದನ್ನು ಟಿಪ್ಪುವಿನಿಂದ ಕಿತ್ತುಕೊಂಡದ್ದು 1791ರಲ್ಲಿ, ಈ ಗೋಪುರ ಎದ್ದ ಏಳು ವರ್ಷಗಳ ನಂತರ.

ಕಟ್ಟಡದ ತಳವಿನ್ಯಾಸ ತ್ರಿಕೋನ, ಎತ್ತರ 63 ಅಡಿ. ಮೂರು ಮೂಲೆಗಳಲ್ಲಿ ಆರು ಮುಖದ ಬುರುಜುಗಳು. ಗುಡ್ಡವೇ ಎತ್ತರವಾದ್ದರಿಂದ ತಾರಸಿಯ ಮೇಲೆ ನಿಂತರೆ ಇಡೀ ಲಂಡನ್ ಕಾಣುತ್ತದೆ. ಉಪಯೋಗಕ್ಕೆಂದು ಕಟ್ಟದ ಈ ಗೋಪುರ ಉಪಯೋಗಕ್ಕೆ ಬಂದದ್ದೂ ಈ ನೋಟದಿಂದಲೇ: ಲಂಡನ್ನಿಗೂ ಪ್ಯಾರಿಸ್ಸಿಗೂ ಕೊಂಡಿ ಹಾಕಿದ ಭೂಮಾಪನದಲ್ಲಿ ಸೇನಾಧಿಕಾರಿ ವಿಲಿಯಂ ರಾಯ್ ಇದನ್ನು ಬಳಸಿಕೊಂಡ, ಮಹಾಯುದ್ಧಗಳ ಕಾಲದಲ್ಲಿ ಶತ್ರು ವಿಮಾನಗಳ ಮೇಲೆ ಕಣ್ಣಿಡುವ ಠಾಣೆಯಾಯಿತು.

1922ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಇದನ್ನು ಕೊಂಡಿತು. ಕೆಳಗೆ ಚಹಾದಂಗಡಿ ಶುರುವಾಗಿ, ಸುತ್ತಲಿನ ಬಡಾವಣೆಗಳ ಜನ ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುವ ಜಾಗವಾಯಿತು. ಸ್ಮಾರಕವೊಂದು ಊರಿನ ಸ್ವಂತ ಸೊತ್ತಾದದ್ದು ಆಗಲೇ ಎನ್ನಬೇಕು. 1988ರಲ್ಲಿ ದುರಸ್ತಿಯ ಖರ್ಚು ಭರಿಸಲಾಗದೆ ಸ್ಥಳೀಯ ಆಡಳಿತ ಬಾಗಿಲಿಗೆ ಹಲಗೆ ಹೊಡೆಯಿತು. ಇಲ್ಲಿನ ನಿವಾಸಿಗಳು ಹೋರಾಟಕ್ಕೆ ಹೊಸಬರಲ್ಲ. ಪಕ್ಕದ ಆಕ್ಸ್‌ಲೀಸ್ ಕಾಡನ್ನು ಸೀಳಿಕೊಂಡು ಹೋಗಬೇಕಿದ್ದ ಹೆದ್ದಾರಿ 1993ರಲ್ಲಿ ರದ್ದಾದದ್ದು ಜನರ ವಿರೋಧದಿಂದಲೇ. 2002ರಲ್ಲಿ ಅವರು ಗೋಪುರಕ್ಕಾಗಿ ಟ್ರಸ್ಟ್ ಕಟ್ಟಿಕೊಂಡು, ಹಣ ಕೂಡಿಸಿ, 2014ರಲ್ಲಿ ಅದನ್ನು ಮತ್ತೆ ತೆರೆಸಿದರು. ಇದನ್ನು ಉಳಿಸಿದ್ದು ಜೇಮ್ಸ್‌ನ ಕೀರ್ತಿಯಲ್ಲ, ನೆರೆಹೊರೆಯವರ ಅಕ್ಕರೆ.

ಭಾರತದಿಂದ ಹೋದವರು ಕಟ್ಟಡದ ಮೇಲಿನ ಶಾಸನವನ್ನು ತಪ್ಪದೆ ಓದಬೇಕು. ಅದರಲ್ಲಿ ಜೇಮ್ಸ್‌ನ ಶೌರ್ಯದ ಹೊಗಳಿಕೆಯಿದೆ, ಗೆದ್ದ ದಿನಾಂಕವಿದೆ. ತುಳಾಜಿ ಆಂಗ್ರೆಯ ಹೆಸರಿಲ್ಲ.